ಪಿಟೀಲು ಸರ್ಕಾರಿ ಶಾಲೆಗೂ ಬರಲಿ



ಯಲಹಂಕದ ನಮ್ಮ ಬೀದಿಯ ಮನೆಯೊಂದರಲ್ಲಿ ಸಂಜೆ ಪಿಟೀಲು ಪಾಠ ನಡೆಯುತ್ತದೆ. ಸರ್ಕಾರಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಕಿಟಕಿಯ ಹೊರಗೆ ನಿಂತು, ಎಡಗೈ ಬೆರಳುಗಳನ್ನು ಬಲಗೈ ಮೇಲೆ ಒತ್ತುತ್ತಾ ಸರಳೆವರಸೆ ಹೇಳಿಕೊಳ್ಳುತ್ತಾಳೆ. ವಾದ್ಯ, ಶುಲ್ಕ ಎರಡೂ ಅವಳ ಮನೆಯವರ ಕೈಗೆಟುಕುವಂಥದ್ದಲ್ಲ.

ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯ (1895–1967) ನಮ್ಮ ನಾಡಿನವರು. ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣ ಮಲ್ಲೇಶ್ವರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಕರ್ನಾಟಕ, ಪಾಶ್ಚಾತ್ಯ ಎರಡೂ ವಾದ್ಯವೃಂದಗಳಿದ್ದವು. ಇಂಥ ನಾಡಿನ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಇಂದು ಸಂಗೀತ ಶಿಕ್ಷಕರೇ ಇಲ್ಲ.

ಶಾಲೆಗೊಬ್ಬರು ಬೇಕೆಂದು ಕೇಳುತ್ತಿಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದಲ್ಲಿ ಶಾಲಾ ಕ್ಲಸ್ಟರ್‌ಗೊಬ್ಬ ಪಿಟೀಲು ಶಿಕ್ಷಕರನ್ನು ನೇಮಿಸಿ, ವಾರಕ್ಕೆ ಎರಡು ದಿನವಾದರೂ ಪಾಠ ನಡೆಯಲಿ. ಎಂಟು ವರ್ಷದ ಮಗುವಿನ ಕೈಗೆ ದೊಡ್ಡವರ ವಾದ್ಯ ಒಗ್ಗದು. ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳನ್ನು ಶಾಲೆಯೇ ಕೊಂಡರೆ, ಒಂದು ಮಗು ಬೆಳೆದ ಮೇಲೆ ಅದೇ ವಾದ್ಯ ಮುಂದಿನ ಮಗುವಿನ ಕೈ ಸೇರುತ್ತದೆ. ಕಲಿತ ಮಕ್ಕಳೆಲ್ಲ ಸೇರಿ ಮುಂದೆ ನಮ್ಮದೇ ವಾದ್ಯವೃಂದ ಕಟ್ಟಬಹುದು. ಶಿಕ್ಷಣ ಇಲಾಖೆ ದಯವಿಟ್ಟು ಮನಸ್ಸು ಮಾಡಲಿ. ಕಿಟಕಿಯಾಚೆ ನಿಂತ ಆ ಮಗು ಒಳಗೆ ಬರುವಂತಾಗಲಿ.

– ಓರ್ವ ತಾಯಿ, ಯಲಹಂಕ