ಮೆಕ್ಸಿಕನ್ ಹೋಟೆಲಿನಲ್ಲಿ ಏನು ಕೇಳಬೇಕು?

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಪ್ರಶ್ನೆ ಕಳುಹಿಸಿದ್ದಾಳೆ. ಅವರ ಮನೆಯಿಂದ ಕಡಲ ತೀರಕ್ಕೆ ಹೋಗುವ ದಾರಿಯಲ್ಲಿ ಒಂದು ಮೆಕ್ಸಿಕನ್ ಹೋಟೆಲಿದೆಯಂತೆ. ಸಂಜೆಯಾದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಅಜ್ಜ ಅಜ್ಜಿಯರಿಂದ ಹಿಡಿದು ಕೈಗೂಸಿನವರೆಗೆ ಇಡೀ ಸಂಸಾರ ಬಂದು ಕೂರುತ್ತದೆ, ಹಾಡು, ನಗು, ಮಕ್ಕಳ ಓಡಾಟ. ಅವಳ ಮಗನ ಫುಟ್ಬಾಲ್ ತಂಡದ ಮಕ್ಕಳಿಗೆಲ್ಲ ಒಬ್ಬ ಹುಡುಗನ ಅಜ್ಜಿ ಅಲ್ಲಿ ಊಟ ಇಟ್ಟಿದ್ದಾರೆ. ಗಂಡ ‘ಬೇಡವೇ ಬೇಡ’ ಎನ್ನುತ್ತಾರೆ. ಮಗ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. “ಟೀಚರ್, ಹೋದರೆ ತಪ್ಪೇ? ಹೋಗದಿದ್ದರೆ ಆ ಅಜ್ಜಿಗೆ ಬೇಸರವಾಗುವುದಿಲ್ಲವೇ?” ಎಂದು ಕೇಳಿದ್ದಾಳೆ.

ಗಂಡನ ಆತಂಕ ಸುಳ್ಳಲ್ಲ, ಆದ್ದರಿಂದ ಅದನ್ನೇ ಮೊದಲು ನೋಡೋಣ. ಮೆಕ್ಸಿಕೋದ ಅಡುಗೆಯಲ್ಲಿ ಹಂದಿಯ ಬಳಕೆ ಬಹಳ. ಕಾರ್ನಿತಾಸ್ ಎಂದರೆ ಹಂದಿಮಾಂಸ. ಚೊರಿಸೋ ಕೂಡಾ ಸಾಮಾನ್ಯವಾಗಿ ಅದೇ. ಇವು ಹೆಸರಿನಲ್ಲೇ ಗೊತ್ತಾಗುತ್ತವೆ, ಬಿಟ್ಟುಬಿಡಬಹುದು. ಗೊತ್ತಾಗದೆ ಬಟ್ಟಲಿಗೆ ಬರುವುದು ಕೊಬ್ಬು. ಬೇಯಿಸಿ ಅರೆದ ಅವರೆಯಂತಹ ಕಾಳಿನ ಪಲ್ಯವನ್ನು ನೋಡಿದರೆ ಶುದ್ಧ ಸಸ್ಯಾಹಾರವೆಂದೇ ಅನ್ನಿಸುತ್ತದೆ. ಆದರೆ ಸಾಂಪ್ರದಾಯಿಕವಾಗಿ ಅದನ್ನು ಹುರಿಯುವುದು ಹಂದಿಯ ಕೊಬ್ಬಿನಲ್ಲಿ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ಮಾಂತೆಕಾ’ ಎನ್ನುತ್ತಾರೆ. ಗೋಧಿ ಹಿಟ್ಟಿನ ತೊರ್ತಿಯಾ ರೊಟ್ಟಿಗೂ, ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲೆಗೂ ಅದನ್ನೇ ಸೇರಿಸುವ ಪದ್ಧತಿ ಇದೆ. ಎಲ್ಲ ಹೋಟೆಲುಗಳೂ ಹಾಗಲ್ಲ, ಈಗ ಎಣ್ಣೆ ಬಳಸುವವರೂ ಬೇಕಾದಷ್ಟಿದ್ದಾರೆ. ಕೇಳದೆ ತಿಳಿಯದು. ‘ಇದರಲ್ಲಿ ಮಾಂತೆಕಾ ಇದೆಯೇ?’ ಎಂಬ ಒಂದು ಪ್ರಶ್ನೆ ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೀನು ತಾನೇ, ಹೆದರಿಕೆ ಏನು ಎನ್ನುವವರಿಗೂ ಒಂದು ಮಾತು. ಆ ಕರಾವಳಿಯ ಪ್ರಸಿದ್ಧ ತಿಂಡಿ ಮೀನಿನ ಟ್ಯಾಕೋ. ಮೀನಿನ ತುಂಡನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಕೋಸಿನ ಸಣ್ಣ ಎಳೆಗಳೊಂದಿಗೆ ರೊಟ್ಟಿಯಲ್ಲಿ ಮಡಚಿ, ಮೇಲೆ ಲಿಂಬೆ ಹಿಂಡಿ ಕೊಡುತ್ತಾರೆ. ಕೇಳಿದರೆ ನಮ್ಮ ಮಂಗಳೂರಿನವರಿಗೆ ಬಾಯಲ್ಲಿ ನೀರೂರುತ್ತದೆ. ಆದರೆ ಗರಿಗರಿಯಾಗಲೆಂದು ಆ ಹಿಟ್ಟನ್ನು ಬಿಯರ್‌ನಲ್ಲಿ ಕಲಸುವುದು ಅನೇಕ ಕಡೆ ರೂಢಿ. ಆದ್ದರಿಂದ ಕರಿದ ಮೀನಿಗಿಂತ ಕೆಂಡದ ಮೇಲೆ ಸುಟ್ಟ ಮೀನು ಮೇಲು. ಅದನ್ನೂ ಹಂದಿಮಾಂಸ ಸುಡುವ ಹಂಚಿನ ಮೇಲೆ ಹಾಕದೆ ಬೇರೆಯಾಗಿ ಸುಡಿರೆಂದು ಹೇಳಬೇಕು.

ದನದ ಮತ್ತು ಕೋಳಿಯ ಮಾಂಸದ ವಿಷಯದಲ್ಲಿ ವಿದ್ವಾಂಸರ ನಡುವೆ ಚರ್ಚೆ ಇದೆ. ಗ್ರಂಥದವರ ಆಹಾರದ ಕುರಿತಾದ ಅಲ್ ಮಾಇದಃ ಅಧ್ಯಾಯದ 5ನೇ ವಚನವನ್ನು ಇಂದಿನ ಕಸಾಯಿಖಾನೆಗಳಿಗೆ ಹೇಗೆ ಅನ್ವಯಿಸಬೇಕೆಂಬುದೇ ಪ್ರಶ್ನೆ. ಅದನ್ನು ಇತ್ಯರ್ಥಗೊಳಿಸಲು ನಾನು ಮುಫ್ತಿಯಲ್ಲ. ಮೀನು, ಕಾಳು, ತರಕಾರಿ ಇರುವಾಗ ಒಂದು ಹೊತ್ತಿನ ಊಟಕ್ಕಾಗಿ ಸಂಶಯದಲ್ಲಿ ಬೀಳುವ ಅಗತ್ಯವೂ ಕಾಣುವುದಿಲ್ಲ. ಮದ್ಯದ ವಿಷಯ ಮಾತ್ರ ಬೇರೆ. ಮದ್ಯ ಹಂಚುವ ಊಟದ ಮೇಜಿನಲ್ಲಿ ಕೂರಬಾರದೆಂದು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಮಕ್ಕಳ ಮೇಜನ್ನು ಬೇರೆ ಹಾಕಿಸಿ ಎಂದು ಮುಂಚಿತವಾಗಿ ವಿನಂತಿಸಿದರೆ ಯಾವ ಅಜ್ಜಿ ಬೇಡ ಎಂದಾರು?

ಇಲ್ಲಿಯೇ ನಮ್ಮ ಹೆಣ್ಣುಮಕ್ಕಳು ಎಡವುವುದು. ಕೇಳಿದರೆ ಅವರೇನೆಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದು, ಕೊನೆಗೆ ತಲೆನೋವಿನ ನೆಪ ಹೇಳಿ ಮನೆಯಲ್ಲುಳಿಯುತ್ತಾರೆ. ಆಹ್ವಾನಿಸಿದವರಿಗೆ ಅದಕ್ಕಿಂತ ದೊಡ್ಡ ಬೇಸರ ಬೇರಿಲ್ಲ. ಮೆಕ್ಸಿಕೋದ ಬಹುಪಾಲು ಜನರು ಕ್ಯಾಥೋಲಿಕರು. ಈಸ್ಟರ್‌ಗೆ ಮುಂಚಿನ 40 ದಿನಗಳ ವ್ರತದಲ್ಲಿ ಶುಕ್ರವಾರಗಳಂದು ಮಾಂಸ ಬಿಡುವ ಕಟ್ಟಳೆ ಅವರಿಗಿದೆ. ಆ ದಿನಗಳಿಗೆಂದೇ ಮೀನಿನ, ಕಾಳಿನ ಅಡುಗೆಗಳಿವೆ. ದೇವರಿಗಾಗಿ ಒಂದು ಆಹಾರವನ್ನು ಬಿಡುವುದೆಂದರೇನೆಂದು ಆ ಅಜ್ಜಿಗೆ ನಾವು ವಿವರಿಸಬೇಕಾಗಿಲ್ಲ.

ಹಾಗಾದರೆ ತಿನ್ನುವುದೇನು? ಮೆಕ್ಕೆಜೋಳದ ತೊರ್ತಿಯಾ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು, ತಟ್ಟಿ ಹಂಚಿನಲ್ಲಿ ಬೇಯಿಸುತ್ತಾರೆ, ಕೊಬ್ಬಿನ ಅಗತ್ಯವೇ ಇಲ್ಲ. ಸುಣ್ಣದಿಂದ ಜೋಳದೊಳಗಿನ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಈ ಕ್ರಮವನ್ನು ಬಿಟ್ಟು ಬರೀ ಜೋಳವನ್ನೇ ನಂಬಿದ ಯುರೋಪಿನ ಬಡವರಿಗೆ ಪೆಲಾಗ್ರಾ ಎಂಬ ಕಾಯಿಲೆ ಅಂಟಿಕೊಂಡಿತ್ತು. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷಗಳಿಂದ ಅರೆಯುವ ಕಲ್ಲಿನ ಮುಂದೆ ಮೊಣಕಾಲೂರಿ ಮಾಡಿದ ಕೆಲಸವದು. ಟೊಮೆಟೊ, ಹಸಿಮೆಣಸು, ಈರುಳ್ಳಿ, ಕೊತ್ತಂಬರಿ, ಲಿಂಬೆಯ ಸಾಲ್ಸಾ ನಮ್ಮ ಕಚಂಬರಿಗೆ ಸೋದರಿಯೇ ಸರಿ. ಮೆಣಸು ನಮಗೆ ಬಂದದ್ದೇ ಆ ಕಡೆಯಿಂದ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ.

ಕುಡಿಯಲು ‘ತಮರಿಂದೋ’ ತರಿಸಿಕೊಳ್ಳಲಿ. ಅದು ಹುಣಸೆಹಣ್ಣಿನ ಪಾನಕ. ಆ ಹೆಸರು ಅರಬಿಯ ‘ತಮ್ರ್ ಹಿಂದಿ’, ಅಂದರೆ ಹಿಂದ್‌ನ ಖರ್ಜೂರ. ಅದೊಂದೇ ಅಲ್ಲ, ಅವರ ಸಕ್ಕರೆಯ ‘ಅಸೂಕರ್’, ಅಕ್ಕಿಯ ‘ಅರ್ರೋಸ್’, ಎಣ್ಣೆಯ ‘ಅಸೇಯ್ತೆ’ ಎಲ್ಲವೂ ಅರಬಿಯಿಂದಲೇ ಹೊರಟವು. ಸ್ಪೇನಿನಲ್ಲಿ ಮುಸ್ಲಿಮರಿದ್ದ ಶತಮಾನಗಳ ಗುರುತು ಸ್ಪ್ಯಾನಿಷ್ ಭಾಷೆಯಲ್ಲಿ ಉಳಿದು, ಸಾಗರ ದಾಟಿ ಮೆಕ್ಸಿಕೋದ ಅಡುಗೆಮನೆ ಸೇರಿದೆ. ಒಳ್ಳೆಯದಾಗಲೆಂದು ಹಾರೈಸುವಾಗ ಅವರು ‘ಓಹಲಾ’ ಎನ್ನುತ್ತಾರೆ. ಅದರ ಬೇರು ಕೂಡಾ ಅರಬಿಯದೇ, ಅಲ್ಲಾಹನ ಹೆಸರು ಅದರೊಳಗಿದೆ.

ಅದೇ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ದಾರಿಯನ್ನೂ ಕಂಡುಕೊಂಡಿದ್ದಾರೆ. 2016ರ ಚುನಾವಣೆಯ ಹೊತ್ತಿಗೆ, ಮೆಕ್ಸಿಕನ್ನರ ವಲಸೆಯನ್ನು ತಡೆಯದಿದ್ದರೆ ಬೀದಿಬೀದಿಗೂ ಟ್ಯಾಕೋ ಗಾಡಿ ಬರುತ್ತದೆಂದು ಟಿ.ವಿ.ಯಲ್ಲಿ ಒಬ್ಬರು ಹೆದರಿಸಿದ್ದರು. 2017ರ ರಮಝಾನ್‌ನಲ್ಲಿ ರಿದಾ ಹಮೀದಾ ಮತ್ತು ಬೆನ್ ವಾಸ್ಕೆಸ್ ಎಂಬಿಬ್ಬರು ‘ಪ್ರತಿ ಮಸೀದಿಗೂ ಟ್ಯಾಕೋ ಗಾಡಿ’ ಎಂದು ಆ ಮಾತನ್ನೇ ತಿರುಗಿಸಿಟ್ಟರು. ಸಾಂತಾ ಆನಾದ ಮಸೀದಿಯ ಬಳಿ ಗಾಡಿ ನಿಂತಿತು, ಅದರಲ್ಲಿ ಹಲಾಲ್ ಮಾಂಸದ ಟ್ಯಾಕೋ. ಇಫ್ತಾರ್‌ಗೆ ಮುಸ್ಲಿಮರೂ ಅವರ ಮೆಕ್ಸಿಕನ್ ನೆರೆಯವರೂ ಒಟ್ಟಿಗೆ ಸೇರಿದರು.

ಹುಡುಗನನ್ನು ಕರೆದುಕೊಂಡು ಹೋಗೆಂದು ಅವಳಿಗೆ ಬರೆದಿದ್ದೇನೆ. ಅದಕ್ಕೆ ಮೊದಲು ಆ ಅಜ್ಜಿಗೆ ಒಂದು ಫೋನು, ಗಂಡನೂ ಜೊತೆಯಲ್ಲಿ ಕೂತಿರುವಾಗ.