ಡಯಾಲಿಸಿಸ್ ರೋಗಿಯ ಹೃದಯ ಮತ್ತು ವರದಿಯ ಅಂಕಿ



ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರನ್ನು ಕಾಣಲು ಹೋದಾಗ ಮನೆಯವರು ರಕ್ತಪರೀಕ್ಷೆಯ ವರದಿಯನ್ನು ನಮ್ಮ ಮುಂದಿಡುವುದುಂಟು. ‘ಎನ್‌ಟಿ-ಪ್ರೊಬಿಎನ್‌ಪಿ’ ಎಂಬ ಹೆಸರಿನ ಎದುರು ಸಾವಿರಗಳ ಅಂಕಿ. ಪಕ್ಕದಲ್ಲಿ ಅಚ್ಚಾದ ಮಿತಿ ಕೆಲವು ನೂರು ಮಾತ್ರ. “ಹೃದಯವೂ ಕೆಟ್ಟಿತೇ ಫಾದರ್?” ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದವರು ವೈದ್ಯರು. ಆದರೆ ಅವರ ಮಾತು ಅರ್ಥವಾಗಬೇಕಾದರೆ ನಮಗೂ ಸ್ವಲ್ಪ ತಿಳಿದಿರಬೇಕು.

ಹೃದಯವೆಂದರೆ ರಕ್ತದ ಪಂಪು ಎಂದಷ್ಟೇ ನಾವು ಶಾಲೆಯಲ್ಲಿ ಕಲಿತೆವು. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃದಯದ ಮೇಲಿನ ಕೋಣೆಗಳ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ, ಅವು ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಧಾರಾಳವಾಗಿ ಹೊರಹಾಕಿದವು. ಹೃದಯವು ಹಾರ್ಮೋನನ್ನೂ ತಯಾರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಅದೇ ಬಳಗದ ಬಿಎನ್‌ಪಿಯನ್ನು ಹಂದಿಯ ಮಿದುಳಿನಲ್ಲಿ ಕಂಡರು. ಆದರೆ ಅದು ಹೆಚ್ಚಾಗಿ ಹುಟ್ಟುವುದು ಹೃದಯದ ಕೆಳಗಿನ ಕೋಣೆಗಳಲ್ಲಿ ಎಂದು ಆಮೇಲೆ ತಿಳಿದುಬಂತು.

ನೀರಿನ ಹೊರೆಯಿಂದ ಹೃದಯದ ಗೋಡೆ ಹಿಗ್ಗಿದಾಗ ಅಲ್ಲಿ ಒಂದು ಪ್ರೋಟೀನು ತಯಾರಾಗಿ ಎರಡಾಗಿ ತುಂಡಾಗುತ್ತದೆ. ಒಂದು ತುಂಡು ಬಿಎನ್‌ಪಿ. ಅದು ರಕ್ತನಾಳಗಳನ್ನು ಸಡಿಲಿಸಿ, ಉಪ್ಪು ನೀರನ್ನು ಹೊರಹಾಕುವಂತೆ ಮೂತ್ರಪಿಂಡಕ್ಕೆ ಸೂಚಿಸುತ್ತದೆ. ಇನ್ನೊಂದು ಎನ್‌ಟಿ-ಪ್ರೊಬಿಎನ್‌ಪಿ, ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಏದುಸಿರು ಬಿಡುತ್ತ ಬಂದವರಲ್ಲಿ ಮಿಲಿಲೀಟರಿಗೆ ಬಿಎನ್‌ಪಿ 100 ಪಿಕೋಗ್ರಾಂಗಿಂತ, ಅಥವಾ ಎನ್‌ಟಿ-ಪ್ರೊಬಿಎನ್‌ಪಿ 300ಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಂಭವ ಕಡಿಮೆ ಎಂದು ವೈದ್ಯರು ತಿಳಿಯುತ್ತಾರೆ.

ಮೂತ್ರಪಿಂಡ ಸೋತವರಲ್ಲಿ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ತೊಟ್ಟಿಯಲ್ಲಿ ನೀರು ಏರುವುದು ನಲ್ಲಿ ಜೋರಾಗಿ ಸುರಿದಾಗ. ತೂಬು ಕಟ್ಟಿಕೊಂಡಾಗಲೂ ಏರುತ್ತದೆ. ಎನ್‌ಟಿ-ಪ್ರೊಬಿಎನ್‌ಪಿ ಹೊರಹೋಗುವ ಮುಖ್ಯ ತೂಬು ಮೂತ್ರಪಿಂಡವೇ. ಅದು ಕಟ್ಟಿದ ಮೇಲೆ ಅಂಕಿ ಸಾವಿರ ದಾಟುವುದು ಅಪರೂಪವಲ್ಲ. ಹಾಗೆಂದು ಅದು ಸುಳ್ಳು ಅಂಕಿಯೂ ಅಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ಮೈಯಲ್ಲಿ ನಿಂತ ನೀರು, ಏರಿದ ರಕ್ತದೊತ್ತಡ, ದಪ್ಪವಾದ ಹೃದಯದ ಸ್ನಾಯು ಇವು ನಲ್ಲಿಯನ್ನೂ ತೆರೆದಿಟ್ಟಿರುತ್ತವೆ. ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದ್ರೋಗವೇ ಮುಖ್ಯ ಕಾರಣ. ಆದುದರಿಂದ “ಎಲ್ಲ ಮುಗಿಯಿತು” ಎಂದು ಎದೆಗುಂದುವುದೂ ತಪ್ಪು, “ಕಿಡ್ನಿಯವರಿಗೆ ಇದು ಇದ್ದದ್ದೇ” ಎಂದು ಕಾಗದ ಮಡಚಿಡುವುದೂ ತಪ್ಪು.

ಹಾಗಾದರೆ ನೋಡಬೇಕಾದುದೇನು? ಮುಖ್ಯವಾಗಿ ಅದೇ ರೋಗಿಯ ಹಿಂದಿನ ಅಂಕಿಗೂ ಈಗಿನ ಅಂಕಿಗೂ ಇರುವ ಅಂತರ. ಕೆಲವು ಡಯಾಲಿಸಿಸ್ ಫಿಲ್ಟರುಗಳು ಈ ವಸ್ತುವನ್ನು ಒಂದಿಷ್ಟು ತೆಗೆದುಬಿಡುವುದರಿಂದ, ಪ್ರತಿ ಸಲವೂ ಡಯಾಲಿಸಿಸ್‌ಗೆ ಮುಂಚೆಯೇ ರಕ್ತ ಕೊಡುವುದು ಲೇಸು. ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಬೇರೆ ಬೇರೆ ಪರೀಕ್ಷೆಗಳು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಬಾರದು. ಕಾಸರಗೋಡಿನ ಕಡೆಯ ನಮ್ಮವರು ಒಮ್ಮೆ ಊರಿನಲ್ಲಿ, ಒಮ್ಮೆ ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಹೃದಯಕ್ಕೆಂದು ಸಕುಬಿಟ್ರಿಲ್ ಸೇರಿದ ಮಾತ್ರೆ ನುಂಗುವವರು ಅದನ್ನೂ ತಿಳಿಸಬೇಕು. ಅದು ಬಿಎನ್‌ಪಿಯನ್ನು ಏರಿಸಬಲ್ಲದು.

ಮನೆಯಲ್ಲಿ ಕಣ್ಣಿಡಬೇಕಾದುದು ತೂಕದ ಮೇಲೆ. ವೈದ್ಯರು ಹೇಳಿದ ‘ಡ್ರೈ ವೇಟ್’ ಎಷ್ಟೆಂಬುದು ಮನೆಯವರಿಗೆ ನೆನಪಿರಲಿ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಾಯಾರಿಕೆ ಹೆಚ್ಚಿಸುತ್ತವೆ. ಕುಡಿದ ನೀರು ಹೃದಯದ ಮೇಲೆ ಕೂರುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು ಕಂಡರೆ ಮುಂದಿನ ಪಾಳಿಗೆ ಕಾಯದೆ ತಿಳಿಸಿ. ಎದೆನೋವು ಬಂದರೆ ಅಂಕಿ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಮುಂದಿನ ಸಲ ವೈದ್ಯರ ಬಳಿ ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಹೋದ ಸಲಕ್ಕಿಂತ ಅಂಕಿ ಎಷ್ಟು ಬದಲಾಗಿದೆ? ಡ್ರೈ ವೇಟ್ ಈಗಲೂ ಸರಿಯಿದೆಯೇ? ಎಕೋ ಪರೀಕ್ಷೆ ಬೇಕೇ? ಉತ್ತರ ಸಿಗುವವರೆಗೆ ರೋಗಿಯನ್ನು ಅಂಕಿಯಿಂದ ಹೆದರಿಸಬೇಡಿ, ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.