ಮಲಗುವ ಮುನ್ನ ಕೇಳುವ ಕ್ಷಮೆ

ಮನೆಯಲ್ಲಿ ಕನ್ನಡದಲ್ಲಿ ಕರ್ತನ ಪ್ರಾರ್ಥನೆ ಹೇಳಿಸಿ, ಭಾನುವಾರ ಬೇರೆ ಭಾಷೆಯ ಚರ್ಚಿಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ನಾವು 'ನಮ್ಮ ತಪ್ಪುಗಳು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಕೆಲವು ಚರ್ಚುಗಳು 'ಟ್ರೆಸ್‌ಪಾಸಸ್' ಎನ್ನುತ್ತವೆ, ಕೆಲವು 'ಡೆಟ್ಸ್', ಅಂದರೆ ಸಾಲಗಳು ಎನ್ನುತ್ತವೆ. ಜರ್ಮನಿಯಲ್ಲಿರುವವರ ಮಕ್ಕಳು 'ಶುಲ್ಡ್' ಎಂದು ಕಲಿತು ಬರುತ್ತಾರೆ. ಆ ಪದಕ್ಕೆ ತಪ್ಪಿನ ಹೊಣೆ ಎಂಬ ಅರ್ಥವೂ ಇದೆ, ಸಾಲ ಎಂಬ ಅರ್ಥವೂ ಇದೆ. "ಅಮ್ಮಾ, ಇದರಲ್ಲಿ ಯಾವುದು ಸರಿ?" ಎಂದು ಮಗು ಕೇಳಿದರೆ ಏನು ಹೇಳುತ್ತೀರಿ?

ಎಲ್ಲವೂ ಸರಿ ಎಂದೇ ಹೇಳಿ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದ ಗ್ರೀಕ್ ಮೂಲದಲ್ಲಿ ಇರುವುದು ಸಾಲ ಎಂಬ ಪದ. ಲೂಕನ 11ನೇ ಅಧ್ಯಾಯದಲ್ಲಿ ಅದೇ ಜಾಗದಲ್ಲಿ ಪಾಪ ಎಂಬ ಪದವಿದೆ. ಯೇಸುವಿನ ಕಾಲದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಮಾತು ಬಳಕೆಯಲ್ಲಿತ್ತು.

ಮಕ್ಕಳ ಜೊತೆ ಮಾತಾಡಲು ಈ ಸಾಲದ ಮಾತು ತುಂಬಾ ಅನುಕೂಲ. 'ನೀನು ಪಾಪಿ' ಎಂದರೆ ಆರು ವರ್ಷದ ಮಗು ಹೆದರಿ ಮುದುಡಿಕೊಳ್ಳುತ್ತದೆ. 'ತಂಗಿಗೆ ನೀನು ಕೊಡಬೇಕಾದದ್ದು ಏನೋ ಬಾಕಿ ಇದೆಯಲ್ಲ?' ಎಂದರೆ ಯೋಚಿಸುತ್ತದೆ. ಕೊಡಬೇಕಿದ್ದ ಪ್ರೀತಿ ಕೊಡಲಿಲ್ಲ, ಹೇಳಬೇಕಿದ್ದ ನಿಜ ಹೇಳಲಿಲ್ಲ, ಅದು ಬಾಕಿ. ದೇವರ ಹತ್ತಿರ ಆ ಲೆಕ್ಕ ಮುಚ್ಚಿಟ್ಟುಕೊಳ್ಳುವುದು ಬೇಡ, ತೆರೆದು ತೋರಿಸಬಹುದು ಎನ್ನುವುದೇ ಕ್ಷಮೆ ಕೇಳುವುದರ ಮೊದಲ ಪಾಠ.

ದಿನಾ ಯಾಕೆ ಕೇಳಬೇಕು? ಒಮ್ಮೆ ಕ್ಷಮಿಸಿದ ದೇವರು ಮರುದಿನ ಮರೆಯುತ್ತಾನೆಯೇ? ಪ್ರಾರ್ಥನೆಯ ಸಾಲುಗಳ ಕ್ರಮ ನೋಡಿ. ಇವತ್ತಿನ ಆಹಾರ ಕೊಡು ಎಂದು ಕೇಳಿದ ಬೆನ್ನಿಗೇ ಕ್ಷಮೆಯ ಬೇಡಿಕೆ ಬರುತ್ತದೆ. ನಿನ್ನೆ ಉಂಡೆವು ಎಂದು ಇವತ್ತು ಉಪವಾಸ ಇರುವುದಿಲ್ಲ. ಹಾಗೆಯೇ ಇವತ್ತಿನ ಜಗಳ, ಇವತ್ತಿನ ಸುಳ್ಳು, ಇವತ್ತಿನ ಸಿಡುಕು ಇವತ್ತೇ ಮುಗಿಯಲಿ ಎಂಬುದು ಇದರ ಭಾವ.

ಇಲ್ಲಿ ನಾವು ಎಚ್ಚರವಾಗಿರಬೇಕಾದ ಒಂದು ವಿಷಯವಿದೆ. ಅಜ್ಜ ಅಜ್ಜಿ, ಚಿಕ್ಕಪ್ಪ, ಅತ್ತೆ ಯಾರೂ ಹತ್ತಿರ ಇಲ್ಲದ ಊರಿನಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು 'ದೇವರು ನೋಡ್ತಾ ಇದ್ದಾನೆ' ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಅದನ್ನು ಬೆದರಿಕೆಯಾಗಿ ಬಳಸಿದರೆ ರಾತ್ರಿಯ ಪ್ರಾರ್ಥನೆ ವಿಚಾರಣೆಯಾಗುತ್ತದೆ. ದೇವರು ಎಷ್ಟು ಕ್ಷಮಿಸುತ್ತಾನೆ ಎಂಬುದಕ್ಕೆ ಯೇಸು ಕೊಟ್ಟ ಲೆಕ್ಕವನ್ನು ಮಕ್ಕಳಿಗೆ ಹೇಳಿ. ಮತ್ತಾಯ 18ರಲ್ಲಿ ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಅವನ ಜೊತೆಗಾರ ಅವನಿಗೆ ಕೊಡಬೇಕಿದ್ದದ್ದು ನೂರು ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಅಂದರೆ ರಾಜನ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ರಾಜ ಅದನ್ನು ಒಂದೇ ಮಾತಿನಲ್ಲಿ ಬಿಟ್ಟುಬಿಟ್ಟ. ಅದೇ ಸೇವಕ ಹೊರಗೆ ಬಂದು ನೂರು ದಿನದ ಕೂಲಿಗಾಗಿ ಜೊತೆಗಾರನ ಕತ್ತು ಹಿಡಿದ. ಹತ್ತು ವರ್ಷದ ಮಗುವಿಗೆ ಕಾಗದ ಪೆನ್ಸಿಲ್ ಕೊಟ್ಟು ಈ ಲೆಕ್ಕ ಮಾಡಿಸಿ. ಕಥೆಯ ಅರ್ಥ ನೀವು ಬಿಡಿಸಿ ಹೇಳುವ ಅಗತ್ಯವೇ ಇರುವುದಿಲ್ಲ.

ಇನ್ನು ಪ್ರಾರ್ಥನೆ ಮಾಡುವ ರೀತಿ. ಇಗ್ನೇಷಿಯಸ್ ಲೊಯೋಲಾ ಅವರ 1548ರಲ್ಲಿ ಅಚ್ಚಾದ ಪುಸ್ತಕದಲ್ಲಿ ದಿನದ ಆತ್ಮಶೋಧನೆಗೆ ಐದು ಹೆಜ್ಜೆಗಳಿವೆ. ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ತಪ್ಪನ್ನು ಕಾಣುವ ಕೃಪೆ ಬೇಡುವುದು, ದಿನವನ್ನು ಹಿಂದಿರುಗಿ ನೋಡುವುದು, ಕ್ಷಮೆ ಕೇಳುವುದು, ಕೊನೆಗೆ ನಾಳೆಗೆ ಒಂದು ತೀರ್ಮಾನ. ತಪ್ಪಿಗಿಂತ ಮೊದಲು ಕೃತಜ್ಞತೆ ಬರುವುದನ್ನು ಗಮನಿಸಿ. ಪ್ರೀತಿಸುವವರ ಮುಂದೆ ತಪ್ಪು ಹೇಳಿಕೊಳ್ಳುವುದು ಕಷ್ಟವಾಗುವುದಿಲ್ಲ.

ಮಕ್ಕಳ ಜೊತೆ ಇದಕ್ಕೆ ಐದು ನಿಮಿಷ ಸಾಕು. ನೀವೇ ಮೊದಲು ಶುರುಮಾಡಿ. 'ಕರ್ತನೇ, ಸಂಜೆ ಅವಸರದಲ್ಲಿ ಕೂಗಾಡಿದ್ದಕ್ಕೆ ಕ್ಷಮಿಸು' ಎಂದು ಅಪ್ಪ ಹೇಳುವುದನ್ನು ಕೇಳಿದ ಮಗುವಿಗೆ ಬೇರೆ ಉಪದೇಶ ಬೇಡ. ಮಗು 'ಇವತ್ತು ನಾನು ಏನೂ ತಪ್ಪು ಮಾಡಿಲ್ಲ' ಎಂದರೆ ಒಪ್ಪಿಕೊಂಡು ಮುಂದೆ ಹೋಗಿ, ಕೆದಕಬೇಡಿ. ಮಗು ಹೇಳಿದ್ದನ್ನು ಮರುದಿನ ಜಗಳದಲ್ಲಿ ಎತ್ತಿ ಆಡಬೇಡಿ, ಊರಿಗೆ ಫೋನ್ ಮಾಡಿದಾಗ ನಗುತ್ತಾ ಹೇಳಲೂಬೇಡಿ. ಒಮ್ಮೆ ಹಾಗಾದರೆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಕ್ಷಮೆ ಕೇಳಿದ ಮೇಲೆ ಸರಿಪಡಿಸುವ ಕೆಲಸವೂ ಇದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನ ಮಾಡಿಕೊಳ್ಳಬೇಕು ಎಂಬ ಬೋಧನೆ ಮತ್ತಾಯ 5ರಲ್ಲಿದೆ. ಗೆಳೆಯನ ಪೆನ್ಸಿಲ್ ಮುರಿದಿದ್ದರೆ ನಾಳೆ ಬ್ಯಾಗಿನಲ್ಲಿ ಹೊಸ ಪೆನ್ಸಿಲ್ ಇರಲಿ.

ಎರಡು ಸಂದರ್ಭಗಳಲ್ಲಿ ಮಾತ್ರ ಬೇರೆ ದಾರಿ ಹಿಡಿಯಬೇಕು. ಕೆಲವು ಸೂಕ್ಷ್ಮ ಮಕ್ಕಳು ಕೇಳಿದ ಕ್ಷಮೆಯನ್ನೇ ಮತ್ತೆ ಮತ್ತೆ ಕೇಳುತ್ತಾರೆ, ನಿದ್ದೆಗೆಡುತ್ತಾರೆ. ಅಂಥವರಿಗೆ 'ಒಮ್ಮೆ ಕೇಳಿದರೆ ಸಾಕು ಕಂದಾ, ಈಗ ಮಲಗು' ಎಂದು ಧೈರ್ಯ ಹೇಳಿ. ಅದು ನಿಲ್ಲದಿದ್ದರೆ ವೈದ್ಯರ ಹತ್ತಿರ ಮಾತಾಡಿ. ಇನ್ನೊಂದು, ಶಾಲೆಯಲ್ಲೋ ಪರಿಚಯದವರಿಂದಲೋ ಪೆಟ್ಟು, ಅವಮಾನ, ಕೆಟ್ಟ ಸ್ಪರ್ಶ ಅನುಭವಿಸಿದ ಮಗುವಿಗೆ 'ಕ್ಷಮಿಸಿಬಿಡು' ಎಂದು ಬಾಯಿ ಮುಚ್ಚಿಸಬೇಡಿ. ಮೊದಲು ಮಗುವಿನ ಮಾತು ನಂಬಿ, ಅದನ್ನು ಕಾಪಾಡಿ, ತಿಳಿಸಬೇಕಾದವರಿಗೆ ತಿಳಿಸಿ. ತನಗೆ ಆದ ಅನ್ಯಾಯ ಮಗುವಿನ ಸಾಲವಲ್ಲ. ಅದಕ್ಕಾಗಿ ಅದು ದೇವರ ಕ್ಷಮೆ ಕೇಳಬೇಕಾಗಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಮಾತು ಉದ್ದ ಇರಬೇಕೆಂದೇನಿಲ್ಲ. ಲೂಕ 18ರಲ್ಲಿ ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಂಡ ಸುಂಕದವನ ಪ್ರಾರ್ಥನೆ ಒಂದೇ ವಾಕ್ಯ. ಅವನೇ ನೀತಿವಂತನಾಗಿ ಮನೆಗೆ ಹೋದ. ಇವತ್ತು ರಾತ್ರಿ ದೀಪ ಆರಿಸುವ ಮೊದಲು ಒಂದು ಕೃತಜ್ಞತೆ, ಒಂದು ಕ್ಷಮೆ, ನಾಳೆಗೆ ಒಂದು ಕೆಲಸ, ಇಷ್ಟರಿಂದ ಶುರುಮಾಡಿ ನೋಡಿ.